ಹುಳಿ ಸಾಹೇಬರ ಖಾಲಿ ಕುಡಿಕೆ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಯಾರೂ ಬಂದು ಹೇಳಲಿಲ್ಲ. ಅಂಚೆಯವನ ಕೆಂಪು ಶಾಯಿ ಹೇಳಿತು. ಅವರ ಹಳೆಯ ಲೇಖನಗಳ ಪ್ರತಿ ಬೇಕೆಂದು ಹೊರದೇಶಗಳಿಂದ ಆಗಾಗ ಒಂದೊಂದು ಕಾರ್ಡು ನಮ್ಮ ಕಚೇರಿಗೆ ಬರುತ್ತಿತ್ತು. ಅವರು ವರ್ಗವಾಗಿ ಹೋಗಿ ಐದು ವರ್ಷವಾದದ್ದು ಆ ಕಾರ್ಡು ಬರೆಯುವವರಿಗೆ ಹೇಗೆ ಗೊತ್ತಾಗಬೇಕು? ನಾನು ಅವನ್ನು ಬೇರೆ ಲಕೋಟೆಗೆ ಹಾಕಿ, ವಿಳಾಸ ಟೈಪು ಮಾಡಿ, ಬಳ್ಳಾರಿ ಕಡೆಯ ಅವರ ಹೊಸ ಕಚೇರಿಗೆ ಕಳಿಸುತ್ತಿದ್ದೆ. ಒಳಗೆ ನನ್ನದೂ ಒಂದು ಸಾಲು ಇರಲೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ಗೋಂದು ಹಚ್ಚಿ ಮುಚ್ಚಿಬಿಡುತ್ತಿದ್ದೆ. ಹೋದ ತಿಂಗಳು ಕಳಿಸಿದ್ದು ನಿನ್ನೆ ತಿರುಗಿ ಬಂತು. ಮೇಲೆ ಓರೆಯಾಗಿ, ವಿಳಾಸದಾರರು ಮೃತರಾಗಿದ್ದಾರೆ ಎಂದು ಬರೆದಿತ್ತು.

ಅವರಿಗೊಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಸಾವಿರ ಸಲ ಟೈಪು ಮಾಡಿದ ಹೆಸರು ಅದು, ಆದರೆ ಒಂದು ಸಲವೂ ನಾನು ಬಾಯಿಬಿಟ್ಟು ಕರೆದದ್ದಿಲ್ಲ. ಎದುರಿಗೆ ಎಲ್ಲರೂ ಸಾಹೇಬರು ಅನ್ನುತ್ತಿದ್ದೆವು, ಹಿಂದೆ ಹುಳಿ ಸಾಹೇಬರು. ಹೊಸದಾಗಿ ಸೇರಿದವರು ಅದನ್ನು ‘ಹುಲಿ ಸಾಹೇಬರು’ ಎಂದು ಕೇಳಿಸಿಕೊಂಡು, ಟೊಪ್ಪಿಗೆ ತೆಗೆದು, ಬೆವರೊರೆಸಿಕೊಂಡು ಅವರ ಕೋಣೆಗೆ ಹೋಗುತ್ತಿದ್ದರು. ಒಳಗೆ ನೋಡಿದರೆ ಒಬ್ಬ ಸಪೂರ ಮನುಷ್ಯ, ದಪ್ಪ ಚಾಳೀಸು, ಮೊಣಕೈಯವರೆಗೆ ಮಡಿಚಿದ ತೋಳು, ಉಗುರ ಸಂದಿಯಲ್ಲಿ ಜೋಳದ ಹಿಟ್ಟು. ಯಾವುದೋ ಮಣ್ಣಿನ ಕುಡಿಕೆಗೆ ಕಿವಿ ಹಚ್ಚಿ ನಿಂತಿರುತ್ತಿದ್ದರು.

ನಮ್ಮದು ಧಾರವಾಡದ ಹೊರಗೆ ಕಾಳುಕಡಿಗಳ ಸಂಶೋಧನೆಯ ಒಂದು ಸಣ್ಣ ಸರಕಾರಿ ಪ್ರಯೋಗಶಾಲೆ. ಉಳಿದ ಸಾಹೇಬರುಗಳು ಬೀಜ, ಗೊಬ್ಬರ, ಕೀಡೆ ಎಂದು ಹೊಲದ ಕಡೆ ನೋಡಿದರೆ ಇವರೊಬ್ಬರು ಅಡಿಗೆಮನೆಯ ಕಡೆ ನೋಡುತ್ತಿದ್ದರು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ನಿನ್ನೆಯ ಹುಳಿಯ ಒಂದು ಚಮಚೆ ಹೆಪ್ಪು ಹಾಕಿ ಇಟ್ಟರೆ, ಮುಂಜಾನೆಗೆ ಅದು ಉಕ್ಕಿ ಬರುತ್ತದಲ್ಲ, ಕುದಿಸಿದರೆ ಅಂಬಲಿಯಾಗುತ್ತದಲ್ಲ, ಆ ಹುಳಿಯೊಳಗೆ ಏನಿದೆ, ಅದು ಹೊಟ್ಟೆಗೆ ಏನು ಮಾಡುತ್ತದೆ ಎಂಬುದೇ ಅವರ ಸಂಶೋಧನೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುವುದು, ಮುದುಕಿಯರ ಹತ್ತಿರ ಹೆಪ್ಪು ಬೇಡಿ ತರುವುದು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಮೂವತ್ತು ನಲವತ್ತು ಕುಡಿಕೆ, ಬಾಯಿಗೆ ಬಿಳಿ ಅರಿವೆ, ಹೊಟ್ಟೆಗೆ ಊರ ಹೆಸರಿನ ಚೀಟಿ. ಮುಂಜಾನೆ ಬಂದವರೇ ಕುಡಿಕೆಗಳನ್ನು ಮಾತಾಡಿಸುವರು.

“ಏನ್ರಿ ಅಣ್ಣಿಗೇರಿ, ಎದ್ರೇನು? ಕುಂದಗೋಳದವ್ರು ಯಾಕೋ ಇವತ್ತ ಸಿಟ್ಟಿಗೆ ಬಂದಂಗ ಕಾಣತೈತಿ. ನವಲಗುಂದ, ನಿಮಗ ಥಂಡಿ ಆತೇನ್ರಿ?”

ಸಿಪಾಯಿಗೂ ‘ರಿ’, ಕುಡಿಕೆಗೂ ‘ರಿ’. ನಾವು ಕೊಠಡಿಯ ಆಚೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮಾತಾಡಿಸಲು ಬೇರೆ ಯಾರೂ ಇಲ್ಲದವನು ಹಾಗೆ ಮಾಡುತ್ತಾನೆಂದು ನನಗೆ ಆಗ ಹೊಳೆಯಲಿಲ್ಲ. ಇಪ್ಪತ್ತೆಂಟರ ವಯಸ್ಸು, ಹೊಳೆಯುವಂಥದ್ದಲ್ಲ.

ಒಂದು ಕುಡಿಕೆಗೆ ಮಾತ್ರ ಊರ ಹೆಸರಿರಲಿಲ್ಲ. ಅದರ ಚೀಟಿಯ ಮೇಲೆ ‘ಅವ್ವ’ ಎಂದಿತ್ತು. ಒಮ್ಮೆ ಕೇಳಿದೆ. ಅವರು ಮುಂಬಯಿಯಲ್ಲಿ ಓದುವಾಗ ಊರಿನಲ್ಲಿ ತಾಯಿ ತೀರಿಕೊಂಡರಂತೆ. ಇವರು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಇದ್ದ ಎರಡು ಸೀರೆ, ಕುಡುಗೋಲು ಅವರಿವರ ಪಾಲಾಗಿದ್ದವು. ಒಲೆಯ ಮಗ್ಗುಲಲ್ಲಿ ಅಂಬಲಿಯ ಗಡಿಗೆ ಉಳಿದಿತ್ತು, ತಾಯಿ ಹೊಲದ ಕೆಲಸಕ್ಕೆ ಹೋಗುವಾಗ ಒಯ್ಯುತ್ತಿದ್ದುದು. ತಳದಲ್ಲಿ ಒಂದು ಸೌಟು ಹುಳಿ ಇತ್ತು.

“ಆ ಹುಳೀಗೆ ದಿನಾ ಒಂದು ಮುಟಗಿ ಹಿಟ್ಟು ಹಾಕ್ಕೋತ ಬಂದೇನ್ರಿ. ಮುಂಬಯಿ ಹಾಸ್ಟೇಲಿನ್ಯಾಗ ಕಾಟಿನ ಬುಡಕ ಇಟ್ಟಿದ್ದೆ. ಅವ್ವನ ಕೈ ಅದರಾಗ ಇನ್ನೂ ಐತಿ. ಖರೇ ಹೇಳತೇನಿ, ಇದು ಶಾಸ್ತ್ರದ ಮಾತು. ಆಕೀ ಕೈಯಾಗಿನ ಜೀವಾಣು ಇದರಾಗ ಮನಿ ಮಾಡ್ಯಾವ.”

ಹಿಟ್ಟು ಹಾಕುವುದು ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದೆ. “ಒಂದಿನಕ್ಕ ಏನಾಗೂದಿಲ್ರಿ. ತಡಕೋತಾಳ. ವಾರ ಆದ್ರ ಕಷ್ಟ,” ಎಂದರು.

ನನ್ನ ಕೆಲಸ ಅವರ ಬರಹವನ್ನು ಟೈಪು ಮಾಡುವುದು. ಟೈಪಿಸ್ಟನ ಬೆರಳಿಗೆ ಗೊತ್ತಾದದ್ದು ತಲೆಗೆ ಗೊತ್ತಿರಬೇಕೆಂದಿಲ್ಲ. ಗೋಧಿಯೊಳಗಿನ ಜಿಗುಟಿಗೆ ಅವರ ಶಾಸ್ತ್ರದಲ್ಲಿ ಗ್ಲುಟೆನ್ ಎನ್ನುತ್ತಾರೆ. ನಾನು ಮೊದಲ ಲೇಖನದ ಉದ್ದಕ್ಕೂ ಅದನ್ನು ಗ್ಲಟನ್ ಎಂದು ಹೊಡೆದಿದ್ದೆ. ಹಾಗೆಂದರೆ ಹೊಟ್ಟೆಬಾಕ. ಹನ್ನೆರಡು ಪುಟ, ಮೂರು ಕಾರ್ಬನ್ ಪ್ರತಿ. ಬೇರೆ ಸಾಹೇಬರಾಗಿದ್ದರೆ ಮುಖಕ್ಕೆ ಎಸೆಯುತ್ತಿದ್ದರು. ಇವರು ಚಾಳೀಸು ತೆಗೆದು ನಕ್ಕರು.

“ನೋಡ್ರಿ, ಪಾಪ ಗೋಧೀನ ಹೊಟ್ಟಿಬಾಕ ಮಾಡಿ ಕೂಡ್ರಿಸೀರಲ್ಲ. ಅದು ಒಂದ ಸಂಶೋಧನಾನ ಆತು ಬಿಡ್ರಿ. ಬರ್ರಿ ಇಲ್ಲೆ.”

ನಳದ ಕೆಳಗೆ ಕಣಕದ ಉಂಡೆ ಹಿಡಿದು ತೊಳೆಯತೊಡಗಿದರು. ಬಿಳಿ ನೀರು ಹೋಗುತ್ತ ಹೋಗುತ್ತ ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯಿತು. ಅದನ್ನು ಜಗ್ಗಿ ತೋರಿಸಿದರು. “ಇದ ನೋಡ್ರಿ ಆ ಜಿಗಿ. ಇದರಿಂದನ ಚಪಾತಿ ಲಟ್ಟಿಸಾಕ ಬರತೈತಿ. ಜೋಳದಾಗ ಇದು ಇಲ್ಲ. ಅದಕ್ಕ ರೊಟ್ಟಿ ಬಡೀಬೇಕಾಗತೈತಿ. ನಿಮ್ಮ ತಾಯಾರನ್ನ ಕೇಳ್ರಿ, ಅವರ ಕೈಗೆ ಇದೆಲ್ಲಾ ಗೊತ್ತಿರತೈತಿ.” ಮನೆಗೆ ಹೋಗಿ ಅವ್ವನನ್ನು ಕೇಳಿದೆ. “ಇದನ್ನ ಹೇಳ್ಲಿಕ್ಕೆ ಸರಕಾರ ಪಗಾರ ಕೊಡ್ತದೇನೋ?” ಎಂದಳು.

ಆ ದಿನಗಳಲ್ಲಿ ಅವರು ಒಮ್ಮೆ ನಮ್ಮ ಮನೆಗೂ ಬಂದಿದ್ದರು. ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಸೈಕಲ್ಲು ತುಳಿದುಕೊಂಡು ಮಾಳಮಡ್ಡಿಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ವಿಚಾರಿಸಿ ಹೋದರು. ಅವ್ವ ಹೂವಿನ ಚಿತ್ರದ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟಿದ್ದಳು. ಮಾತು ಮಿದು, ಮನುಷ್ಯ ಛಲೋ ಎಂದು ಹೊಗಳಿದಳು.

ಅದಾಗಿ ಎರಡು ತಿಂಗಳಿಗೆ ದಿಲ್ಲಿಗೆ ಕಳಿಸುವ ಒಂದು ಅರ್ಜಿ ಟೈಪು ಮಾಡುವಾಗ ಧರ್ಮ ಎಂಬ ಕಾಲಮ್ಮಿಗೆ ಬಂದು ನಿಂತೆ. ಕಾಗದದಲ್ಲಿ ಅವರು ಅದನ್ನು ತುಂಬಿರಲಿಲ್ಲ. ಹೋಗಿ ಕೇಳಿದರೆ, ಕುಡಿಕೆಯ ಅರಿವೆ ಬಿಗಿಯುತ್ತ, “ಬೌದ್ಧ ಅಂತ ಹೊಡೀರಿ,” ಎಂದರು. ಅವರ ಮನೆತನದವರು ಎರಡು ಮೂರು ವರ್ಷದ ಹಿಂದೆ ಬೌದ್ಧರಾಗಿದ್ದರು. ಅದಕ್ಕೆ ಮೊದಲು ಅವರು ಊರ ಹೊರಗಿನ ಕೇರಿಯವರು ಎಂಬುದು ಆ ಒಂದು ಶಬ್ದದಿಂದ ಆಗ ಧಾರವಾಡದಲ್ಲಿ ಯಾರಿಗೂ ತಿಳಿಯುತ್ತಿತ್ತು. ನಾನು ಹೊಡೆದೆ. ಸಂಜೆ ಮನೆಯಲ್ಲಿ ಕಚೇರಿಯ ಸುದ್ದಿ ಹೇಳುವ ಹಾಗೆ ಇದನ್ನೂ ಹೇಳಿದೆ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಒಳ್ಳೆಯ ಮನಸ್ಸಿನಿಂದಲೂ ಅಲ್ಲ, ನಾಲಿಗೆಗೆ ಕೆಲಸ ಬೇಕಾಗಿತ್ತು. ಅವ್ವ, “ಹಂಗೇನು?” ಎಂದಳು, ಅಷ್ಟೇ. ಮರುದಿನ ಹೂವಿನ ಕಪ್ಪು ಬಚ್ಚಲ ಗೂಡಿನಲ್ಲಿತ್ತು. ಅದರಲ್ಲಿ ಸೀಗೆಪುಡಿ ಹಾಕಿಟ್ಟಿದ್ದಳು.

ಸುದ್ದಿ ನನ್ನಿಂದ ಎಷ್ಟು ಹರಡಿತೋ, ಬೇರೆಯವರಿಂದ ಎಷ್ಟು ಹರಡಿತೋ ತಿಳಿಯದು. ಅವರು ಊರಲ್ಲಿ ಹಿಡಿದಿದ್ದ ಕೋಣೆಯ ಮಾಲಕರಿಗೆ ಇದ್ದಕ್ಕಿದ್ದಂತೆ ಮಗನ ಮದುವೆ ಬಂತು, ಕೋಣೆ ಬೇಕಾಯಿತು. ಆ ಮದುವೆ ನನಗೆ ತಿಳಿದಂತೆ ಇನ್ನೂ ಆಗಿಲ್ಲ. ಸಾಹೇಬರು ಟ್ರಂಕು ಹೊತ್ತುಕೊಂಡು ಬಂದು ಪ್ರಯೋಗಶಾಲೆಯ ಹಿಂದಿನ ಉಗ್ರಾಣದ ಕೋಣೆಯಲ್ಲಿ ಬಿಡಾರ ಮಾಡಿದರು. ಆಗ ನಮ್ಮ ಕಡೆ ದಾರೂಬಂದಿ, ಹೆಂಡ ಸಾರಾಯಿ ಮಾಡುವುದು ಅಪರಾಧ. ಹುಳಿಯ ವಾಸನೆ ಬರುತ್ತದೆಂದು ಯಾರೋ ಅರ್ಜಿ ಬರೆದು, ಒಬ್ಬ ಪೊಲೀಸ ತಪಾಸಣೆಗೆ ಬಂದ. ಸಾಹೇಬರು ಅವನಿಗೆ ಉಪ್ಪು, ಜೀರಿಗೆ, ಬಳ್ಳೊಳ್ಳಿ ಹಾಕಿದ ಒಂದು ತಂಬಿಗೆ ಅಂಬಲಿ ಕುಡಿಸಿದರು. ಮುಂದೆ ಅವನು ವಾರಕ್ಕೊಮ್ಮೆ ತಪಾಸಣೆಗೆ ಬರತೊಡಗಿದ. ಅವರ ಕೋಣೆಗೆ ತಾನಾಗಿ ಬರುತ್ತಿದ್ದ ಅತಿಥಿ ಅವನೊಬ್ಬನೇ.

ಶೇಂಗಾ ಹಾಲಿನಿಂದ ಅವರು ಮೊಸರು ಮಾಡಿದ ದಿನ ನೆನಪಾಗುತ್ತದೆ. ದನ ಇಲ್ಲದವರ ಮನೆಯ ಮಕ್ಕಳಿಗೆ ಗಿಡದಿಂದಲೇ ಹಾಲು ಮೊಸರು ಸಿಗಬೇಕೆಂಬ ಹುಚ್ಚು ಅವರದು. ಎರಡು ವರ್ಷ ಕೆಟ್ಟು ಕೆಟ್ಟು, ಒಂದು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿತು. ಸಣ್ಣ ಬಟ್ಟಲುಗಳಲ್ಲಿ ಹಾಕಿ, ಒಂದೊಂದಕ್ಕೆ ಚಮಚೆ ಇಟ್ಟು, ತಾಟಿನಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ತಂದರು. ಮುಖ ಹೊಸದಾಗಿ ತಂದೆಯಾದವನ ಮುಖ. ಹೆಡ್‌ಕ್ಲಾರ್ಕು, “ಇವತ್ತ ನನಗ ಏಕಾದಶಿ ಅದರಿ,” ಎಂದರು. ಮಗ್ಗುಲ ಮೇಜಿನವರಿಗೂ ಏಕಾದಶಿ ಬಂತು. ನನ್ನ ಮೇಜಿಗೆ ಬಂದಾಗ ನಾನೂ ಅದನ್ನೇ ಅಂದೆ. ಗೋಡೆಯ ಪಂಚಾಂಗದಲ್ಲಿ ಆ ದಿನ ಷಷ್ಠಿ. ಅವರು ಪಂಚಾಂಗದ ಕಡೆ ನೋಡಲಿಲ್ಲ. ತಾಟು ತಿರುಗಿ ಒಯ್ದು, ಕಿಡಕಿಯ ಹತ್ತಿರ ನಿಂತು, ಒಂದೊಂದೇ ಬಟ್ಟಲು ತಾವೇ ತಿಂದರು. ಹನ್ನೊಂದು ಬಟ್ಟಲು ಇದ್ದವು. 

ಇನ್ನು ನಂದಾಳ ಮಾತು. ನಂದಾ ನನ್ನ ಮಗಳು. ವರ್ಷ ತುಂಬುವವರೆಗೆ ದುಂಡಗೆ ಇದ್ದ ಕೂಸು ಆಮೇಲೆ ಕರಗತೊಡಗಿತು. ಹೊಟ್ಟೆ ಗಡಿಗೆ, ಕೈಕಾಲು ಕಡ್ಡಿ. ದಿನಕ್ಕೆ ಆರೇಳು ಸಲ ಭೇದಿ. ಮುಟ್ಟಿದರೆ ಅಳು. ಹುಬ್ಬಳ್ಳಿಗೆ ಒಯ್ದು ದೇಶಪಾಂಡೆ ನಗರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಟಾನಿಕ್ಕು ಬರೆದು, ಹಗುರ ಆಹಾರ ಕೊಡಿ ಎಂದರು. ನಮ್ಮಲ್ಲಿ ಹಗುರ ಎಂದರೆ ಗೋಧಿ. ಜೋಳ ಜಡ, ಅದು ದುಡಿಯುವವರಿಗೆ. ಬಾಣಂತಿಗೆ, ಬೇನೆಯವರಿಗೆ, ಬೀಗರಿಗೆ ಗೋಧಿ. ಅವ್ವ ಜವೆಗೋಧಿ ತರಿಸಿ, ಹಸನು ಮಾಡಿ, ತುಪ್ಪದಲ್ಲಿ ಹುರಿದು ಸಜ್ಜಕ ಮಾಡುತ್ತಿದ್ದಳು. ನನ್ನ ಹೆಂಡತಿ ಸುಮಿತ್ರಾ ಹಾಲಿನಲ್ಲಿ ಪಾವು ಬ್ರೆಡ್ಡು ನೆನೆಸಿ ತಿನಿಸುತ್ತಿದ್ದಳು. ಕೂಸು ಇಳಿದಷ್ಟೂ ಗೋಧಿ ಕೊಟ್ಟೆವು, ಗೋಧಿ ಕೊಟ್ಟಷ್ಟೂ ಕೂಸು ಇಳಿಯಿತು. ತಾಯತ, ಹರಕೆ ಎಲ್ಲ ಆದವು. ಎರಡನೆಯ ಹುಟ್ಟುಹಬ್ಬಕ್ಕೆ ಹೊಲಿಸಿದ ಲಂಗ ಅವಳ ಮೈಮೇಲೆ ನಿಲ್ಲಲಿಲ್ಲ. ಸುಮಿತ್ರಾ ಅದನ್ನು ಮಡಿಚಿ ಟ್ರಂಕಿನ ತಳದಲ್ಲಿಟ್ಟಳು. 

ಆ ವಾರವೇ ಸಾಹೇಬರ ಒಂದು ಉದ್ದ ಲೇಖನ ಟೈಪು ಮಾಡುತ್ತಿದ್ದೆ. ಗೋಧಿಯ ಜಿಗಿ ಕೆಲವು ಮಕ್ಕಳ ಕರುಳಿಗೆ ಆಗಿಬರುವುದಿಲ್ಲವೆಂದು ಹೊರದೇಶದ ಡಾಕ್ಟರರು ಕಂಡುಕೊಂಡಿದ್ದಾರೆ, ಅಂಥವರಿಗೆ ನಮ್ಮ ಜೋಳ ಯೋಗ್ಯ, ಹುಳಿ ಬರಿಸಿದ ಜೋಳ ಇನ್ನೂ ಯೋಗ್ಯ ಎಂಬ ವಿಷಯ. ಏಳನೆಯ ಪುಟದಲ್ಲಿ ಆ ಮಕ್ಕಳ ಲಕ್ಷಣ ಬಂತು. ಉಬ್ಬಿದ ಹೊಟ್ಟೆ. ಸೊರಗಿದ ಕೈಕಾಲು. ನಿಲ್ಲದ ಭೇದಿ. ಸದಾ ಸಿಡಿಮಿಡಿ. ಬೆರಳು ಹೊಡೆಯುತ್ತ ಹೊಡೆಯುತ್ತ ನಿಂತುಬಿಟ್ಟವು. ಜೀವನದಲ್ಲಿ ಮೊದಲ ಸಲ ನಾನು ಟೈಪು ಮಾಡಿದ್ದನ್ನು ಓದಿದೆ.

ಯಂತ್ರದ ಸಪ್ಪಳ ನಿಂತರೆ ಅವರಿಗೆ ಗೊತ್ತಾಗುತ್ತಿತ್ತು. ಆಚೆ ಕೋಣೆಯಿಂದ, “ಯಾಕ್ರಿ, ರಿಬ್ಬನ್ ಹೋತೇನು?” ಎಂದು ಬಂದರು. ನಾನು ಪುಟ ತೋರಿಸಿ, “ಇದು ನಮ್ಮ ನಂದಾನ ರಿ,” ಎಂದೆ.

ಅವರು ಸ್ಟೂಲು ಎಳೆದುಕೊಂಡು ಕೂತು ಒಂದು ತಾಸು ಕೇಳಿದರು. ಏನು ತಿನ್ನುತ್ತಾಳೆ, ಯಾವಾಗಿನಿಂದ ಶುರುವಾಯಿತು, ಎಲ್ಲ. ಕಡೆಗೆ ಎಂದರು: “ನಾ ಡಾಕ್ಟರ್ ಅಲ್ರಿ. ನಾ ಅಂದದ್ದು ತಪ್ಪಿದ್ರೂ ತಪ್ಪಿರಬಹುದು. ಡಾಕ್ಟರಿಗೂ ಕೇಳ್ರಿ. ಆದ್ರ ಗೋಧಿ ಪೂರಾ ಬಿಡಿಸಿ ನೋಡ್ರಿ. ಕಣಕ ನಾದಿದ ಕೈಲೆ ಸೈತ ಕೂಸಿನ ತಾಟು ಮುಟ್ಟಬಾರದು. ಅನ್ನ ಕೊಡ್ರಿ, ಹುಳಿ ಬಂದ ಜೋಳದ ಅಂಬಲಿ ತೆಳ್ಳಗ ಮಾಡಿ ಕೊಡ್ರಿ.”

ಎದ್ದು ಹಲಗೆಯ ಹತ್ತಿರ ಹೋದರು. ಅಣ್ಣಿಗೇರಿ ಬಿಟ್ಟರು, ಕುಂದಗೋಳ ಬಿಟ್ಟರು. ಕಡೆಗೆ ಅವ್ವ ಎಂಬ ಕುಡಿಕೆ ಇಳಿಸಿದರು. “ಇದರಷ್ಟು ಸಮಾಧಾನದ ಹುಳಿ ಬ್ಯಾರೆ ಇಲ್ರಿ. ಕೂಸಿಗೆ ಇದ ಛಲೋ.” ಅರ್ಧವನ್ನು ಇನ್ನೊಂದು ಕುಡಿಕೆಗೆ ಸುರಿದು, ಅದರ ಮೇಲಿದ್ದ ಹಳೆಯ ಚೀಟಿಯನ್ನು ಉಗುರಿನಿಂದ ಕೆತ್ತಿ ತೆಗೆದರು. ಹೊಸದು ಹಚ್ಚಲಿಲ್ಲ. “ನಿಮ್ಮನ್ಯಾಗ ಅವ್ವ ಮದಲ ಒಬ್ಬಾಕಿ ಅದಾಳಲ್ಲ,” ಎಂದು ನಕ್ಕರು. ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಹೇಳಿದರು: “ಎಲ್ಲಿಂದ ತಂದಿ ಅಂತ ಕೇಳಿದ್ರ ನಿಮಗ ಹೆಂಗ ಅನುಕೂಲ ಆಗತೈತಿ ಹಂಗ ಹೇಳ್ರಿ. ನನಗೇನೂ ಅನ್ನಸೂದಿಲ್ಲ. ಕೂಸು ಬದುಕಬೇಕು.”

ನಾನು ಅನುಕೂಲವಾದ ಹಾಗೆಯೇ ಹೇಳಿದೆ. ಹಿಂದಿನ ಓಣಿಯ ಗಂಗಾಬಾಯಿಯವರು ಕೊಟ್ಟರು ಎಂದೆ. ಗೋಧಿ ಬಿಡಿಸಲು ಹುಬ್ಬಳ್ಳಿಯ ಡಾಕ್ಟರು ಹೇಳಿದರು ಎಂದೆ. ಸುಮಿತ್ರಾಗೆ ಮಾತ್ರ ಖರೆ ಗೊತ್ತಿತ್ತು. ಅವ್ವ ಕುಡಿಕೆಯನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು, ಮೂಸಿದಳು, ಒಲೆಯ ಮಗ್ಗುಲಲ್ಲಿಟ್ಟಳು.

ಮೂರು ವಾರಕ್ಕೆ ಭೇದಿ ನಿಂತಿತು. ನಾಲ್ಕನೆಯ ವಾರ ನಂದಾ ಯಾರೂ ಮುಟ್ಟದೆ ತಾನಾಗಿ ನಕ್ಕಳು. ಸುಮಿತ್ರಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅವ್ವನ ಮಡಿಯ ವಿದ್ಯೆ ಆಗ ಕೆಲಸಕ್ಕೆ ಬಂತು. ನಂದಾಳ ತಾಟು ಬೇರೆ, ಹಂಚು ಬೇರೆ, ಹಿಟ್ಟಿನ ಡಬ್ಬಿ ಬೇರೆ, ಕಣಕ ಮುಟ್ಟಿದವರು ಕೈ ತೊಳೆಯದೆ ಆ ಮೂಲೆಗೆ ಕಾಲಿಡುವಂತಿಲ್ಲ. ಇದನ್ನು ಹೇಳಿದಾಗ ಸಾಹೇಬರು ಬಹಳ ಹೊತ್ತು ನಕ್ಕರು. “ನಿಮ್ಮ ತಾಯಾರು ನಮ್ಮ ಲ್ಯಾಬಿನ್ಯಾಗ ಇರಬೇಕಾಗಿತ್ರಿ. ಮುಟ್ಟಿಸಿಕೊಳ್ಳಲಾರದ ಇರೂದು ಹೆಂಗ ಅಂತ ಅವರಿಗೆ ಯಾರೂ ಕಲಸಬೇಕಾಗಿಲ್ಲ,” ಎಂದರು. ನಾನೂ ನಕ್ಕೆ. ನಗು ಮುಗಿದ ಮೇಲೆ ಅವರು ಕುಡಿಕೆಯ ಕಡೆ ತಿರುಗಿದರು.

ನಂದಾಳನ್ನು ಒಂದೆರಡು ಸಲ ಕಚೇರಿಗೆ ಕರೆದೊಯ್ದೆ. ಜೋಳ ತೂಗುವ ತಕ್ಕಡಿಯಲ್ಲಿ ಕೂರಿಸಿ ಅವರು ತೂಕ ನೋಡಿ ಬರೆದುಕೊಳ್ಳುತ್ತಿದ್ದರು. ಅವಳು ಅವರ ಚಾಳೀಸು ಕಿತ್ತುಕೊಳ್ಳುತ್ತಿದ್ದಳು. ಅವರು ಕಣ್ಣು ಕಾಣದೆ ಕೈ ಚಾಚಿಕೊಂಡು ನಗುತ್ತ ನಿಂತಿರುತ್ತಿದ್ದರು. ಮನೆಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಅವರು ಬರುತ್ತೇನೆ ಅನ್ನಲಿಲ್ಲ. ಆದರೆ ದಿನಾ ಮುಂಜಾನೆ ಕುಡಿಕೆಗಳ ಮಾತು ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ಒಂದೇ ಪ್ರಶ್ನೆ: “ನಿಮ್ಮನ್ಯಾಗ ನಮ್ಮವ್ವ ಆರಾಮ ಅದಾಳೇನ್ರಿ?”

“ಆರಾಮ ಅದಾರ ರಿ.”

“ಸಾಕು.”

ಅಷ್ಟು ದೊಡ್ಡ ಉಪಕಾರ ಮಾಡಿದ ಮನುಷ್ಯ ನಮ್ಮ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಆಗ ನಾನು ಅದಕ್ಕೆ ಸಮಯ ಕೂಡಿಬರಲಿಲ್ಲ ಎಂದು ಹೆಸರಿಟ್ಟಿದ್ದೆ.

ಅವ್ವ ಆ ಕುಡಿಕೆಯನ್ನು ದೇವರ ದೀಪದ ಹಾಗೆ ನೋಡಿಕೊಂಡಳು. ಆದರೆ ಒಂದು ವಿಚಿತ್ರ. ನಂದಾ ಚೇತರಿಸಿಕೊಂಡದ್ದು ಕಂಡು ಓಣಿಯ ಹೆಂಗಸರು ಆ ಹೆಪ್ಪು ಬೇಡಲು ಬರುತ್ತಿದ್ದರು. ಹೆಪ್ಪು ಬೇಡಿದರೆ ಇಲ್ಲ ಅನ್ನದ ಅವ್ವ, “ಕೆಟ್ಟದರಿ, ಕೊಡೂಹಂಗಿಲ್ಲ,” ಎಂದು ಒಬ್ಬೊಬ್ಬರನ್ನೂ ತಿರುಗಿ ಕಳಿಸುತ್ತಿದ್ದಳು. ಒಳಗೆ ಕುಡಿಕೆ ಉಕ್ಕುತ್ತಿರುತ್ತಿತ್ತು. ಮೊಮ್ಮಗಳ ಔಷಧ, ದೃಷ್ಟಿ ತಾಗೀತೆಂದು ಹಾಗೆ ಮಾಡುತ್ತಾಳೆ ಅಂದುಕೊಂಡೆ.

ನಾಲ್ಕು ವರ್ಷದ ಮೇಲೆ ಸಾಹೇಬರು ಕಾಮಾಲೆಯಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ತಿಂಗಳು ಮಲಗಿದರು. ಕುಡಿಕೆಗಳಿಗೆ ಸಿಪಾಯಿ ಹಿಟ್ಟು ಹಾಕುತ್ತಿದ್ದ. ಆ ತಿಂಗಳಲ್ಲೇ ನಮ್ಮ ಕಚೇರಿಗೆ ಹೊಸ ಮುಖ್ಯಸ್ಥರು ಬಂದರು. ತಪಾಸಣೆಯಿದೆ ಎಂದು ಗೋಡೆಗೆಲ್ಲ ಸುಣ್ಣ ಹೊಡೆಸಿದರು. ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ನಲವತ್ತು ಕುಡಿಕೆ ತೊಳೆದು ಅಂಗಳದ ಬಿಸಿಲಿನಲ್ಲಿ ಬೋರಲು ಹಾಕಿದ್ದರು. ಚೀಟಿಗಳು ತೊಯ್ದು ನಳದ ಹತ್ತಿರ ಬಿದ್ದಿದ್ದವು. ಯಾರದೂ ಕೆಟ್ಟ ಬುದ್ಧಿಯಲ್ಲ. ಸ್ವಚ್ಛ ಮಾಡಿದ್ದರು.

ಸಾಹೇಬರು ಬಂದದ್ದು ವರ್ಗದ ಆದೇಶ ಕೈಯಲ್ಲಿ ಹಿಡಿದು. ಮರುದಿನ ಮುಂಜಾನೆಯ ಗಾಡಿಗೆ ಹೋಗಬೇಕು. ಖಾಲಿ ಹಲಗೆಯ ಮುಂದೆ ನಿಂತರು, ಬೆರಳಿನಿಂದ ಹೊಸ ಸುಣ್ಣ ಮುಟ್ಟಿ ನೋಡಿಕೊಂಡರು. ನಾನು ಅಳುತ್ತಾರೇನೋ ಎಂದು ಅಂಜಿದೆ. ಅಳಲಿಲ್ಲ. ನನ್ನ ಮೇಜಿಗೆ ಬಂದು ಕೇಳಿದರು: “ನಿಮ್ಮನ್ಯಾಗ ಅದಾಳಲ್ರಿ?”

“ಅದಾರ ರಿ. ನಾ ತಂದು ಕೊಡತೇನಿ.”

“ಬ್ಯಾಡ್ರಿ. ಹೆಪ್ಪು ಬೇಡಾವ್ರು ತಾವ ಹೋಗಬೇಕು, ತರಿಸಿಕೊಳ್ಳಬಾರದು. ಹಳ್ಳಿ ಹಳ್ಳಿ ತಿರಗಿ ನಾ ಅದೊಂದ ರೀತಿ ಕಲತೇನಿ. ದೀಪ ಹಚ್ಚೂದರೊಳಗ ಬರತೇನಿ.”

ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು ಹೊರಗೆ ಕೊಡಬಾರದೆಂಬುದು ನಮ್ಮ ಕಡೆ ಎಲ್ಲ ಮನೆಗಳ ಕಟ್ಟಳೆ. ಅವರು ಅದನ್ನು ತಿಳಿದೇ ಬೇಗ ಬಂದರು. ನಾನು ಕಚೇರಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗೇಟಿನ ಹತ್ತಿರ ಸೈಕಲ್ಲಿನ ಸಪ್ಪಳವಾಯಿತು. ಅವ್ವ ತಲೆಯೆತ್ತಿ ನೋಡಿ, ಮೊರ ಬಿಟ್ಟು ಒಳಗೆ ಹೋದಳು. ಅವರು ಮೆಟ್ಟಿಲ ಕೆಳಗೆ ನಿಂತರು. ಮೈಯೆಲ್ಲ ಇಳಿದಿತ್ತು, ಕಣ್ಣಲ್ಲಿ ಇನ್ನೂ ಅರಿಶಿನ. ಕೈಯಲ್ಲಿ ಅರಿವೆ ಕಟ್ಟಿದ ಖಾಲಿ ಕುಡಿಕೆ. ಮೇಲೆ ಬನ್ನಿ ಎಂದು ನಾನು ಅನ್ನುವುದರೊಳಗೆ ಅವ್ವ ಹೊಸ್ತಿಲಿಗೆ ಬಂದಳು.

“ತಾಯಾರ, ಒಂದು ಚಮಚಾ ಹೆಪ್ಪು ಬೇಕಾಗಿತ್ರಿ,” ಎಂದರು.

“ದೀಪ ಹಚ್ಚೇನ್ರಿ,” ಎಂದಳು ಅವ್ವ. “ದೀಪ ಹಚ್ಚಿದ ಮ್ಯಾಲ ನಮ್ಮನ್ಯಾಗ ಹೆಪ್ಪು ಕೊಡೂದಿಲ್ಲ.”

ಅವಳ ಹಿಂದೆ ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅವರು ಅದನ್ನು ನೋಡಿದರು. ಆಮೇಲೆ ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇದು ಇವರದೇ ಹೆಪ್ಪು ಅವ್ವಾ, ಇವರ ತಾಯಿಯದು ಎಂದು ನಾನು ಅನ್ನಬೇಕಾಗಿತ್ತು. ಅಂದರೆ ಗಂಗಾಬಾಯಿಯ ಸುಳ್ಳು ಹೊರಬೀಳುತ್ತಿತ್ತು, ನಾಲ್ಕು ವರ್ಷ ಅವ್ವನ ಒಲೆಯ ಮಗ್ಗುಲಲ್ಲಿ ಏನಿತ್ತೆಂಬುದು ಹೊರಬೀಳುತ್ತಿತ್ತು. ನಾನು ಮೊರದೊಳಗಿನ ಅಕ್ಕಿ ನೋಡುತ್ತ ಕೂತೆ.

“ಖರೇ ಐತ್ರಿ,” ಎಂದರು ಸಾಹೇಬರು. “ನಮ್ಮವ್ವನೂ ಕೊಡತಿದ್ದಿಲ್ಲ. ಹೊತ್ತಿನ ಅಂದಾಜು ತಪ್ಪಿತ್ರಿ ನನಗ.” ಕೈಮುಗಿದರು. ಕುಡಿಕೆ ಕೈಯಲ್ಲಿದ್ದುದರಿಂದ ಅದನ್ನೇ ಎರಡು ಅಂಗೈ ನಡುವೆ ಹಿಡಿದು ಕೈಮುಗಿದರು. “ಕೂಸನ್ನ ಛಲೋ ನೋಡಿಕೋರಿ.”

ಬೆಳಗಾಗುತ್ತಲೇ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಒಯ್ದು ಕೊಡಬೇಕೆಂದು ನಿಶ್ಚಯಿಸಿ ಮಲಗಿದೆ. ಬೆಳಿಗ್ಗೆ ಎದ್ದಾಗ ಅವ್ವ ಒಲೆಯ ಮುಂದೆಯೇ ಕೂತಿದ್ದಳು. ಎಲ್ಲಿಗೆ ಒಯ್ಯಾಂವ ಎಂದು ಕೇಳಿದರೆ ಏನು ಹೇಳಲಿ? ಸ್ನಾನ ಮಾಡಿದೆ. ಸಂಧ್ಯಾವಂದನೆ ಮಾಡಿದೆ. ಮಾಳಮಡ್ಡಿಯಿಂದ ಸ್ಟೇಷನ್ನು ಹತ್ತು ಹೆಜ್ಜೆ, ಗಾಡಿಯ ಸಿಳ್ಳು ನಮ್ಮ ಅಡಿಗೆಮನೆಗೆ ಕೇಳುತ್ತದೆ. ಕೇಳಿತು.

ಆಮೇಲೆ ಐದು ವರ್ಷ. ನಂದಾಗೆ ಈಗ ಹನ್ನೊಂದು. ಸಾಲಿಗೆ ಹೋಗುತ್ತಾಳೆ, ಓಡುತ್ತಾಳೆ, ನನ್ನ ಮಾತಿಗೆ ಎದುರು ಮಾತಾಡುತ್ತಾಳೆ. ಗೋಧಿ ಇವತ್ತಿಗೂ ಮುಟ್ಟುವುದಿಲ್ಲ. ಕುಡಿಕೆ ಇವತ್ತಿಗೂ ಒಲೆಯ ಮಗ್ಗುಲಲ್ಲಿದೆ. ನಿನ್ನೆ ಸಂಜೆ ತಿರುಗಿ ಬಂದ ಲಕೋಟೆಯನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋದೆ. ಅವ್ವ ಕುಡಿಕೆಗೆ ಮರುದಿನದ ಹಿಟ್ಟು ಕದಡುತ್ತಿದ್ದಳು. ಸಾಹೇಬರು ಹೋದರಂತೆ ಎಂದೆ. ಅವಳ ಕೈ ನಿಂತಿತು.

“ಯಾವಾಗ?”

“ಗೊತ್ತಿಲ್ಲ.”

ಅವ್ವ ಚಮಚೆ ಕೆಳಗಿಟ್ಟಳು. “ಇದು ಅವರದು,” ಎಂದಳು.

ನಾನು ಲಕೋಟೆ ಕೆಳಗಿಟ್ಟು ಅವಳೆದುರು ಕೂತೆ.

“ಗಂಗಾಬಾಯಿ ಅಂಬಲಿ ಅಂದ್ರ ಮೂಗು ಮುರಿಯೂ ಹೆಂಗಸು. ಆಕಿ ಮನ್ಯಾಗ ಇದೆಲ್ಲಿಂದ ಬರಬೇಕು? ಮ್ಯಾಲ ಚೀಟಿ ಕೆತ್ತಿದ್ದ ಗೋಂದು ಹಂಗ ಇತ್ತು. ಕುಡಿಕಿಗೆ ಚೀಟಿ ಹಚ್ಚಾವ್ರು ಧಾರವಾಡದಾಗ ಯಾರಿದ್ರೋ? ಮದಲನೇ ದಿನಾನ ಗೊತ್ತಾತು ನನಗ. ಅದಕ್ಕ ಮತ್ತ ಯಾರಿಗೂ ಕೊಡಲಿಲ್ಲ. ಓಣಿಯವರ ಮನೀ ಮಡಿ ನಾ ಯಾಕ ಕೆಡಸಲಿ?”

“ಗೊತ್ತಿದ್ದೂ ಸುಮ್ಮನಿದ್ದೇನವ್ವಾ?”

“ಕೂಸು ಬದುಕಬೇಕಾಗಿತ್ತು, ಬದುಕಿತು. ಗೊತ್ತದ ಅಂತ ಬಾಯಿ ಬಿಟ್ಟಿದ್ರ ಅವರನ್ನ ಒಳಗ ಕರದು ಎಲಿ ಹಾಕಿ ಉಣ್ಣಿಸಬೇಕಾಗತಿತ್ತು. ಅಷ್ಟು ಧೈರ್ಯ ನನಗ ಇದ್ದಿಲ್ಲ.” ಸೆರಗಿನಿಂದ ಕುಡಿಕೆಯ ಅಂಚು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಆವತ್ತ ಸಂಜೀಕ ದೀಪ ಹಚ್ಚಿದ್ದಿಲ್ಲೋ. ಗೇಟಿನ್ಯಾಗ ಅವರನ್ನ ನೋಡಿದೆ. ಕೈಯಾಗಿನ ಖಾಲಿ ಕುಡಿಕಿ ನೋಡಿದೆ. ಒಳಗ ಹೋಗಿ ಹಚ್ಚಿದೆ.”

ದೀಪದ ಹೊತ್ತಾಗಿರಲಿಲ್ಲವೆಂದು ನನಗೂ ಆಗಲೇ ಗೊತ್ತಿತ್ತು. ಆ ಸಂಜೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಕಾಲ ಮೇಲೆ ಇನ್ನೂ ಬಿಸಿಲಿತ್ತು.